ಕಡಲಿಗೆ ಬೆನ್ನು ಹಾಕಿದ ಪಂಕ್ತಿ

ಬೆಳಿಗ್ಗೆ ಎದ್ದು ಒಲೆ ಉರಿಸಿದೆ, ಹಾಲು ಕರೆದೆ, ಮೊಸರು ಕಡೆದೆ, ಬಾಳೆಲೆ ಬಾಡಿಸಿ ಕಟ್ಟಿದೆ, ಚಿತ್ರಾನ್ನ ಕಲಸಿದೆ, ಪಾಯಸದ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದೆ. ಇದೆಲ್ಲ ಸೂರ್ಯಾಸ್ತ ನೋಡುವುದಕ್ಕೆ ಮಾಡಿದ ತಯಾರಿ. ಸೂರ್ಯನಾದರೋ ಯಾರ ತಯಾರಿಯೂ ಇಲ್ಲದೆ ನಮ್ಮ ಬಂಟ್ವಾಳದಲ್ಲಿಯೂ ದಿನವೂ ಮುಳುಗುತ್ತಾನೆ. ಆದರೆ ಅವನು ಕಡಲಿಗೆ ಇಳಿಯುವುದನ್ನು ನೋಡಬೇಕೆಂಬುದು ನಮ್ಮ ಅತ್ತೆಯ ಬಹುಕಾಲದ ಆಸೆ. ನೇತ್ರಾವತಿ ಹೊಳೆಯ ಕರೆಯಲ್ಲೇ ತಲೆ ನರೆಸಿಕೊಂಡವರು, ನೆರೆನೀರು ಅಂಗಳಕ್ಕೆ ಬಂದು ಹೋದದ್ದನ್ನು ಎಷ್ಟೋ ಸಲ ಕಂಡವರು, ಆ ನೀರು ಕೊನೆಗೆ ಸೇರುವ ಜಾಗವನ್ನು ಮಾತ್ರ ಕಂಡಿರಲಿಲ್ಲ. "ಸೂರ್ಯ ನೀರಿಗೆ ತಾಗುವಾಗ ಚುಂಯ್ ಅಂತ ಶಬ್ದ ಆಗ್ತದಾ?" ಎಂದು ನನ್ನನ್ನು ಕೇಳಿದ್ದರು. ಹೋಗಿ ಕೇಳಿಕೊಂಡೇ ಬರುವ ಎಂದು ನಾನು ಮಾತು ಕೊಟ್ಟಿದ್ದೆ.

ಬೀದಿಯವರೆಲ್ಲ ಸೇರಿ ಒಂದು ವ್ಯಾನು ಗೊತ್ತುಮಾಡಿ, ಪಾಣೆಮಂಗಳೂರಿನ ಸೇತುವೆ ದಾಟಿ, ಉಳ್ಳಾಲದ ಕಡಲಕರೆಗೆ ಮುಟ್ಟುವಾಗ ಬಿಸಿಲು ಹಳದಿಯಾಗಿತ್ತು. ಅಲ್ಲಿನ ಮರಳು, ನಮ್ಮ ಬಾಯಲ್ಲಿ ಹೊಯಿಗೆ, ತೊಳೆದ ಬೆಳ್ತಿಗೆ ಅಕ್ಕಿಯಷ್ಟು ಬಿಳಿ. ನನ್ನ ಹೋಲಿಕೆಗಳು ಅಡುಗೆಮನೆ ದಾಟಿ ಹೋಗುವುದಿಲ್ಲ. ನಾನೂ ದಾಟುವುದು ಅಪರೂಪ. ಅಂದು ದಾಟಿದ್ದೂ ಅಡುಗೆಯನ್ನು ಜೊತೆಗೆ ಕಟ್ಟಿಕೊಂಡೇ.

ಪಕ್ಕದ ಮನೆಯ ಪದ್ಮಕ್ಕ ಅವಸರ ಮಾಡಿದರು: "ದೀಪ ಹಚ್ಚುವ ಹೊತ್ತಿಗೆ ಎಲೆಯ ಮುಂದೆ ಕೂತುಕೊಳ್ಳುವುದಾ? ಈಗಲೇ ಬಡಿಸುವ ಮಾರಾಯ್ತಿ. ಉಂಡು ಕೈತೊಳೆದು ಆರಾಮದಲ್ಲಿ ನೋಡುವ." ಸರಿ ಎಂದು ಎಲೆ ಹಾಕಿದೆ. ಕೈಗೆ ಅಭ್ಯಾಸವಾದದ್ದು ಒಂದೇ ದಿಕ್ಕು. ಪಂಕ್ತಿಯೆಲ್ಲ ಮೂಡಣಕ್ಕೆ ಮುಖ, ಕಡಲಿಗೆ ಬೆನ್ನು. ಎಡಗೈಯಲ್ಲಿ ಎಲೆಯ ತುದಿ ಒತ್ತಿ ಹಿಡಿದೇ ಉಣ್ಣಬೇಕು. ಕತ್ತು ತಿರುಗಿಸಿದರೆ ಗಾಳಿ ನೇರ ಬಾಯಿಗೇ ಹೊಯಿಗೆ ಬಡಿಸುತ್ತಿತ್ತು. ಅತ್ತೆಗೆ ಶನಿವಾರದ ಒಪ್ಪೊತ್ತು. ಮಧ್ಯಾಹ್ನವೇ ಊಟ ಆಗಿತ್ತು. ಪಾಪ, ಇಷ್ಟು ದೂರ ಬಂದೂ ಪಾಯಸ ತಪ್ಪಿತಲ್ಲ ಎಂದು ಮರುಗಿ, ಅವರನ್ನು ಆಚೆ ಚಾಪೆಯ ಮೇಲೆ ಕೂರಿಸಿದೆವು.

ಪಂಕ್ತಿಯಿಂದ ಒಬ್ಬರು ಮೊದಲೇ ಏಳುವ ಹಾಗಿಲ್ಲ. ನಮ್ಮ ಯಜಮಾನರೋ ಮನೆಯಲ್ಲೇ ತುತ್ತಿಗೊಂದು ವಿಶ್ರಾಂತಿ ತೆಗೆದುಕೊಳ್ಳುವವರು. ಅಂದು ಹೊಯಿಗೆಯ ನೆಪ ಬೇರೆ. ಬರಿದಾದ ಎಲೆಯ ಮುಂದೆ ಕೂತ ಪದ್ಮಕ್ಕ, "ರಾಯರೇ, ಬೇಗ! ಸೂರ್ಯ ನಿಮಗೆ ಕಾಯುವುದಿಲ್ಲ" ಅಂದರು.

"ಮಜ್ಜಿಗೆ ಬರಲಿ" ಅಂದರು ಇವರು.

ಮಜ್ಜಿಗೆ ಬಡಿಸಿದೆ. ಎಲ್ಲರೂ ಎದ್ದು ತಿರುಗುವಾಗ ಕಡಲು ಕೆಂಪಗಿತ್ತು, ಸೂರ್ಯ ಇರಲಿಲ್ಲ.

"ಕಂಡಿರಾ ಅತ್ತೆ?" ಎಂದು ಓಡಿದೆ.

"ಇಡೀ ಕಂಡೆ. ಬೊಟ್ಟಿನಷ್ಟು ಉಳಿಯುವವರೆಗೂ ಕಂಡೆ."

"ಶಬ್ದ ಆಯ್ತಾ?"

"ನನ್ನ ಮಗ ಮಜ್ಜಿಗೆ ಸುರಿಯುವ ಶಬ್ದದಲ್ಲಿ ಬೇರೆ ಎಂತ ಕೇಳ್ತದೆ ಮಾರಾಯ್ತಿ!"

ವ್ಯಾನಿನಲ್ಲಿ ಎಲ್ಲರೂ ಯಜಮಾನರನ್ನು ಬೈದರು. ನಾನೂ ದನಿ ಸೇರಿಸಿದೆ. ಅರ್ಧ ದಾರಿಯಲ್ಲಿ ಅತ್ತೆ ಮೆಲ್ಲಗೆ ಕೇಳಿದರು: "ಅವರದ್ದೆಲ್ಲ ಕಡಲಿಗೆ ಬೆನ್ನು, ಸರಿ. ಬಡಿಸುವವಳು ನೀನು ಕಡಲಿಗೇ ಮುಖ ಮಾಡಿ ನಿಂತದ್ದಲ್ವಾ? ನೀನು ಎಂತ ನೋಡಿದ್ದು?"

ನಾನು ನೋಡಿದ್ದು ಎಲೆಗಳನ್ನು. ಯಾರಿಗೆ ಚಿತ್ರಾನ್ನ ಮುಗಿಯಿತು, ಯಾರು ಉಪ್ಪಿನಕಾಯಿ ಮುಟ್ಟಲಿಲ್ಲ ಎಂಬುದನ್ನು ಇವತ್ತಿಗೂ ಹೇಳಬಲ್ಲೆ.

ಮನೆಗೆ ಬಂದು ಅತ್ತೆಗೆ ಅವಲಕ್ಕಿ, ಬಾಳೆಹಣ್ಣು ಕೊಟ್ಟೆ. ನಾನು ಪಾತ್ರೆಯ ತಳದ ಪಾಯಸ ಉಂಡೆ. ಹಲ್ಲಿಗೆ ಸ್ವಲ್ಪ ಬಿಳಿ ಹೊಯಿಗೆ ಸಿಕ್ಕಿತು. ಕಡಲಿನದ್ದೆಂದು ನನ್ನ ಪಾಲಿಗೆ ಬಂದದ್ದು ಅಷ್ಟೇ. ಮೊದಲು ನಿದ್ದೆ ಹೋದವರು ಯಜಮಾನರು. ಆ ಒಂದು ಕೆಲಸದಲ್ಲಿ ಅವರಿಗೆ ನಿಧಾನ ಎಂಬುದಿಲ್ಲ.