ನನ್ನ ವಿಮಾನಗಳಿಗೊಬ್ಬ ಕೇಳುಗ

ಕೇಳುವವರಿಲ್ಲದ ಜ್ಞಾನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿಯಂಥದು. ಹೊರಗೆ ಬಿಟ್ಟರೆ ಮರ್ಯಾದೆ ಹೋಗುತ್ತದೆ, ಒಳಗೇ ಇಟ್ಟುಕೊಂಡರೆ ಸಂಕಟ. ನನ್ನ ಜ್ಞಾನವೆಲ್ಲ ಹಳೆಯ ಕಾಲದ ವಿಮಾನಗಳದ್ದು. ಚಳ್ಳಕೆರೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ನಾನು ಈವರೆಗೆ ವಿಮಾನ ಹತ್ತಿದವನಲ್ಲ. ಆದರೂ ಒಂದು ಕಾಲಕ್ಕೆ ಮುಂಬಯಿ, ಕಲ್ಕತ್ತ, ದೆಹಲಿ, ಮದ್ರಾಸಿನಿಂದ ಹೊರಟ ಟಪಾಲು ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲ ಅದಲುಬದಲು ಮಾಡಿಕೊಂಡು, ಬೆಳಗಾಗುವಷ್ಟರಲ್ಲಿ ತಂತಮ್ಮ ಊರಿಗೆ ವಾಪಸಾಗುತ್ತಿದ್ದವೆಂದು ನನಗೆ ಗೊತ್ತು. ಇದನ್ನು ಗಿರಾಕಿಗಳಿಗೆ ಹೇಳಿದರೆ ಅವರು ಎದುರಂಗಡಿಗೆ ಹೋಗುತ್ತಾರೆ. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ "ಹಾಲು ಉಕ್ತೈತೆ" ಎಂದು ಏಳುತ್ತಾಳೆ. ಒಲೆಯ ಮೇಲೆ ಹಾಲೇ ಇರುವುದಿಲ್ಲ.

ಎರಡು ತಾಲ್ಲೂಕು ಜಾಲಾಡಿದರೂ ನನಗೆ ಸಿಕ್ಕಿದ್ದು ಒಬ್ಬರೇ ಕೇಳುಗರು, ಮೊಳಕಾಲ್ಮೂರಿನ ನೇಕಾರ ಓಬಣ್ಣ. ಸೀರೆ ತರಲು ಹೋದಾಗಲೆಲ್ಲ ಅವರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿರುತ್ತಿದ್ದರು. ನಾನು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಶುರುಮಾಡುತ್ತಿದ್ದೆ. ಲಾಳಿ ಅತ್ತಿಂದಿತ್ತ ಓಡುವ ನಡುವೆ ಅವರು ತಮ್ಮ ಮನೆಮಾತು ತೆಲುಗಿನಲ್ಲಿ "ಅವುನಾ?" ಎನ್ನುತ್ತಿದ್ದರು. "ಹೌದಾ" ಎಂದು ಅರ್ಥ. ಅಷ್ಟು ಸಾಕಿತ್ತು ನನಗೆ. ಆಸ್ಟ್ರೇಲಿಯಾದಿಂದ ಸಿಲೋನಿಗೆ ಬರುವ ವಿಮಾನವೊಂದು ಎಲ್ಲೂ ಇಳಿಯದೆ ಎಷ್ಟು ಹೊತ್ತು ಹಾರುತ್ತಿತ್ತೆಂದರೆ, ಒಳಗಿದ್ದವರು ಎರಡು ಸಲ ಸೂರ್ಯ ಹುಟ್ಟುವುದನ್ನು ನೋಡುತ್ತಿದ್ದರು ಎಂದಾಗ, ಓಬಣ್ಣ ಎರಡು ಸಲ "ಅವುನಾ" ಅಂದಿದ್ದರು. ಖುಷಿಗೆ ಆ ದಿನ ನನಗೆ ಊಟವೇ ಸೇರಲಿಲ್ಲ. ಹೀಗೆ ಹನ್ನೊಂದು ವರ್ಷ ನಡೆಯಿತು.

ಹೋದ ತಿಂಗಳು ಓಬಣ್ಣನವರ ಮಂಡಿಗಳು ಸೋತವು. ಮಗ್ಗ ಬಿಚ್ಚಿಸಿ ಗುಂಡಿಗೆ ಮಣ್ಣು ತುಂಬಿಸಿದರಂತೆ. ಸಮಾಧಾನ ಹೇಳೋಣವೆಂದು ಬಾಳೆಹಣ್ಣು ಹಿಡಿದು ಹೋದೆ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಇನ್ನೂ ಹಸಿಯಾರದ ಆ ಮಣ್ಣನ್ನೇ ನೋಡುತ್ತಿದ್ದರು. ಏನು ಹೇಳಬೇಕೋ ತಿಳಿಯದೆ, ತಿಳಿದದ್ದನ್ನೇ ಹೇಳತೊಡಗಿದೆ.

"ಓಬಣ್ಣಾರೆ, ಆಗೆಲ್ಲ ನೀರಿನ ಮ್ಯಾಲೆ ಇಳಿಯೋ ವಿಮಾನ ಇದ್ವು. ಇಂಗ್ಲೆಂಡಿಂದ ಬಂದು ರಾಜಸ್ಥಾನದ ಕೆರೆಯಾಗೆ ಇಳೀತಿದ್ವು..."

ಓಬಣ್ಣ ಕೋಲು ತಡಕಿ ಎದ್ದರು.

"ಎಲ್ಲಿಗ್ರೀ? ಮಂಡಿನೋವು ಅಂದ್ರಲ್ಲ!"

"ಬ್ಯಾಸ್ರ ಮಾಡ್ಕೋಬ್ಯಾಡ್ರಿ ಸಾವ್ಕಾರ್ರೆ," ಅಂದರು. "ಇಷ್ಟು ವರ್ಷ ಕಾಲು ಗುಂಡ್ಯಾಗಿದ್ವು, ಎದ್ದು ಹೋಗಕ್ಕೆ ಆಗ್ತಿರ್ಲಿಲ್ಲ."

ಗೋಡೆ ಹಿಡಿದುಕೊಂಡು ಬೀದಿಗಿಳಿದರು. ಒಂದೊಂದು ಹೆಜ್ಜೆಗೂ ನೋವಿಗೆ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ಆ ಮಂಡಿಗಳು ಹೇಗಿವೆ ಎಂದು ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಬಾಳೆಹಣ್ಣನ್ನು ಕುರ್ಚಿಯ ಮೇಲಿಟ್ಟು ಹೊರಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಯಾರೋ ಹಿರಿಯರು ಕೂತಿದ್ದರು. ನಾನು ಈಚೆ ಬದಿಗೆ ಕೂತೆ. ಸಂಕಟ ತಡೆಯಲಾಗದೆ ಇದನ್ನೆಲ್ಲ ಅವರಿಗೆ ಹೇಳಿಕೊಳ್ಳಲು ಹೊರಟು, ಪೀಠಿಕೆಗೆಂದು ಮೂರು ಬಾಲದ ಹಳೆಯ ವಿಮಾನವೊಂದರಿಂದ ಶುರುಮಾಡಿದೆ. ಅರ್ಧ ದಾರಿಯಲ್ಲಿ ತಳಕು ಎಂಬ ಊರು ಬಂದದ್ದೇ ತಡ, ಅವರು ನನ್ನನ್ನು ದಾಟಿಕೊಂಡು ಇಳಿದುಹೋದರು. ಅವರು ಚಳ್ಳಕೆರೆಗೆ ಟಿಕೆಟ್ ತೆಗೆದುಕೊಂಡದ್ದನ್ನು ನಾನೇ ನೋಡಿದ್ದೆ.