ಮನಿಯಾಗ ಒಂದ್ ಹೆನ್ರಿ!

ಜಮಖಂಡಿಯ ನಿವೃತ್ತ ಫಿಸಿಕ್ಸ್ ಮಾಸ್ತರ ಈಶ್ವರ ಅವರು ಅಂದು ಬೆಳಿಗ್ಗೆ ಭೀಷ್ಮಪ್ರತಿಜ್ಞೆ ಮಾಡಿಯೇಬಿಟ್ಟರು: "ಜೀವ ಹೋದ್ರೂ ಇದನ್ನ ಗುಜರಿಗೆ ಹೋಗಾಕ ಬಿಡಾಂಗಿಲ್ಲ!"

'ಇದು' ಎಂದರೆ ಕಾಲೇಜಿನವರು ಪ್ರಯೋಗಶಾಲೆಯಿಂದ ಹೊರಗೆಸೆದಿದ್ದ, ಅಜ್ಜನ ಕಾಲದ ತಾಮ್ರದ ತಂತಿಯ ಸುರುಳಿ. ಕರೀ ಮರದ ಪೆಟ್ಟಿಗೆ, ಹಿತ್ತಾಳೆಯ ತಿರುಪು. ಕಿರಾಣಿ ಅಂಗಡಿಗೆ ಕಿಲೋದ ಕಲ್ಲು ಹೇಗೋ, ಪ್ರಯೋಗಶಾಲೆಗೆ ಇದು ಹಾಗೆ. ಉಳಿದ ಸುರುಳಿಗಳನ್ನೆಲ್ಲ ಇದಕ್ಕೆ ಹೋಲಿಸಿಯೇ ಅಳೆಯಬೇಕು. ಆ ಅಳತೆಯ ಹೆಸರು ಹೆನ್ರಿ. ಇದು ಕರಾರುವಾಕ್ಕಾಗಿ ಒಂದು ಹೆನ್ರಿ! ಮಾಸ್ತರರು ಅದನ್ನು ಪಡಸಾಲೆಯಲ್ಲಿ, ಹೆಂಡತಿ ಗಂಗಾಂಬಿಕಾಳ ಟಿವಿ ಸರಿಸಿ ಪ್ರತಿಷ್ಠಾಪಿಸಿದರು.

"ಇದೇನ್ರಿ?"

"ಹೆನ್ರಿ."

"ನಾನೂ ಅದನ್ನ ಕೇಳಾಕತ್ತೇನಿ. ಏನ್ರಿ?"

"ಅದ, ಹೆನ್ರಿ! ಹೆನ್ರಿ!"

ಗಂಗಾಂಬಿಕಾಳ ತಲೆ ಕೆಟ್ಟಿತು. "ಸಂಜೀ ಒಳಗ ನಾಕ ಮಂದಿ ಬಂದು ಇದಕ್ಕ ಕೈ ಮುಗಿದ್ರ ಇರಲಿ. ಇಲ್ಲಂದ್ರ ಗುಜರಿಗೆ!"

ನಾಲ್ಕು ಮಂದಿಯೇನು, ಊರನ್ನೇ ಕರೆಸುತ್ತೇನೆ ಎಂದುಕೊಂಡ ಮಾಸ್ತರರು ರಬಕವಿಯ ಸೋದರಮಾವ ಈರಪ್ಪನವರಿಗೆ ಫೋನು ಹಚ್ಚಿದರು. ಅತ್ತ ಮಗ್ಗಗಳ ಖಟಖಟ, ಇತ್ತ ಮಾಸ್ತರರ ಉತ್ಸಾಹ.

"ಮಾವಾರ, ನಮ್ಮ ಮನಿಯಾಗ ಒಂದ್ ಹೆನ್ರಿ! ಭಾಳ ಹಳೇದು. ಸಂಜೀತನಕ ಪಡಸಾಲಿಯಾಗ ಇಟ್ಟಿರ್ತೇನಿ. ಎಲ್ಲಾರೂ ಬಂದು ನೋಡ್ರಿ!"

ಮಗ್ಗದ ಸದ್ದಿನಲ್ಲಿ ಈರಪ್ಪನವರಿಗೆ ಕೇಳಿಸಿದ್ದು "ಒಂದ್ ಹೆಣ ರೀ"! ಆ ಮನೆಯಲ್ಲಿ ಭಾಳ ಹಳಬರೆಂದರೆ ಅವರ ಅಕ್ಕ, ಮಾಸ್ತರರ ತಾಯಿ ಕಸ್ತೂರೆವ್ವ ಒಬ್ಬರೇ.

"ಅಯ್ಯ ಶಿವನ! ನೀ ಧೈರ್ಯ ಬಿಡಬ್ಯಾಡೋ ಈಶ್ವರ!" ಎಂದರು.

ಗಂಗಾಂಬಿಕಾಳ ಎದುರು ನಿಲ್ಲಲು ಧೈರ್ಯ ಬೇಕೆಂಬುದು ಮಾವನಿಗೂ ಗೊತ್ತಿದೆಯಲ್ಲ ಎಂದು ಮಾಸ್ತರರಿಗೆ ಹೃದಯ ತುಂಬಿ ಬಂತು.

ಮಧ್ಯಾಹ್ನ ಟ್ರಾಕ್ಟರು ಬಂತು. ಟ್ರೇಲರಿನ ತುಂಬ ಬೀಗರು, ಹಾರ, ಭಜನಾ ಮೇಳ! "ಅಕ್ಕಾ, ಬಿಟ್ಟು ಹೋದ್ಯಾ!" ಎಂದು ಬೋರಾಡಿ ಅಳುತ್ತ ಈರಪ್ಪನವರು ಒಳನುಗ್ಗಿದರು. ಬಾಗಿಲಲ್ಲೇ ಜೋಳ ಹಸನು ಮಾಡುತ್ತಿದ್ದ ಕಸ್ತೂರೆವ್ವ ಮೊರ ಕೆಳಗಿಟ್ಟರು.

"ನಾ ಇಲ್ಲೇ ಕುಂತೇನಲೋ! ಯಾರ ಸತ್ತಾರ?"

ಎಲ್ಲರೂ ಮಾಸ್ತರರತ್ತ ತಿರುಗಿದರು. ಅವರು ಪೆಟ್ಟಿಗೆಯತ್ತ ಬೆರಳು ತೋರಿಸಿ, "ಹೆನ್ರಿ..." ಎಂದರು.

"ಹೆಣ ಅನ್ನೂದು ತಿಳೀತೋ," ಈರಪ್ಪನವರು ಮೂಗು ಒರೆಸಿಕೊಂಡರು. "ಯಾರದು?"

"ಯಾರದರ ಇರಲಿ," ಎಂದರು ಕಸ್ತೂರೆವ್ವ. "ತಂದ ಹಾರ ತಿರುಗಿ ಒಯ್ಯಬ್ಯಾಡ್ರಿ. ಆ ಪೆಟಗಿಗೇ ಹಾಕ್ರಿ."

ಹಾರ ಬಿತ್ತು. ಊದುಬತ್ತಿ ಹೊತ್ತಿತು. ಬಂದವರೆಲ್ಲ ಕೈ ಮುಗಿದರು. ಮಾಸ್ತರರು ಹಿರಿಹಿರಿ ಹಿಗ್ಗಿದರು.

"ನೋಡಿದೇನ? ನಾಕ ಮಂದಿ ಅಂದಿದ್ದಿ, ಟ್ರಾಕ್ಟರ್ ತುಂಬ ಮಂದಿ ಕೈ ಮುಗಿದ್ರು! ಇನ್ನ ಇದು ಇಲ್ಲೇ!"

ಗಂಗಾಂಬಿಕಾ ಸೆರಗು ಸಿಕ್ಕಿಸಿದಳು. "ಹಾರ ಹಾಕಿ ಕೈ ಮುಗಿದ ಮ್ಯಾಲ ಯಾರರ ಮನಿಯಾಗ ಇಟಗೋತಾರೇನ್ರಿ? ಎತ್ರಿ!"

ಭಜನೆ ಶುರುವಾಯಿತು. ಗುಜರಿ ಅಂಗಡಿಯ ತನಕ ಮಾಸ್ತರರೇ ಹೆಗಲು ಕೊಟ್ಟರು.