ಕುಸುಮಳಿಗೆ ನಾನು ಹಿಮ ತೋರಿಸಿದ್ದು

ಹೆಂಡತಿಗೆ ಹಿಮ ತೋರಿಸುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಿಮ ಬೀಳುವ ಊರಿಗೆ ಕರೆದುಕೊಂಡು ಹೋಗಬೇಕು, ಹೊರಗೆ ನಿಲ್ಲಿಸಬೇಕು, ಬೀಳುವ ತನಕ ಕಾಯಬೇಕು. ಇದರಲ್ಲಿ ಎಡವಲು ಜಾಗವಾದರೂ ಎಲ್ಲಿದೆ ಹೇಳಿ? ಆದರೆ ನನ್ನ ವಿಷಯದಲ್ಲಿ ಅಷ್ಟು ಬೇಗ ತೀರ್ಮಾನಕ್ಕೆ ಬರಬಾರದು. ಸಮತಟ್ಟು ನೆಲದ ಮೇಲೂ ಎಡವುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ.

ಮಾತು ಕೊಟ್ಟದ್ದು ಮೈಸೂರಿನಲ್ಲಿ, ಹೆಣ್ಣು ನೋಡಲು ಹೋದ ದಿನ. ನಾನು ಆಗಷ್ಟೇ ಡಾಕ್ಟರಾಗಿದ್ದೆ. ಮುಂದಿನ ಓದಿಗೆ ಎಡಿನ್‌ಬರೋಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಿಶ್ಚಯ ಮಾಡಿದ್ದವನು ನಾನೊಬ್ಬನೇ, ಎಡಿನ್‌ಬರೋದವರಿಗೆ ಇನ್ನೂ ತಿಳಿಸಿರಲಿಲ್ಲ. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಹಿರಿಯರು ದೊಡ್ಡ ಮನಸ್ಸು ಮಾಡಿ ನಮ್ಮಿಬ್ಬರನ್ನು ಹಿತ್ತಿಲ ಜಗಲಿಯಲ್ಲಿ ಮಾತಾಡಲು ಬಿಟ್ಟರು. ಕುಸುಮ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಸ್ನೋ ಬೀಳತ್ತಂತೆ, ಹೌದಾ?"

ಚಿಕ್ಕವಳಾಗಿದ್ದಾಗ ಅವಳ ಅಜ್ಜಿ ಬೆಳಗಿನ ಹೊತ್ತು ಅಕ್ಕಿಹಿಟ್ಟು ಜರಡಿ ಹಿಡಿಯುತ್ತಿದ್ದರಂತೆ. ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಆ ಹಿಟ್ಟು ಕೆಳಗಿಳಿಯಲು ಮನಸ್ಸಿಲ್ಲದ ಹಾಗೆ ತೇಲುತ್ತಿತ್ತಂತೆ. ಹಿಮ ಅಂದರೆ ಹೀಗೇ ಇರಬೇಕು ಎಂದುಕೊಂಡು ಇವಳು ಸ್ಕೂಲಿಗೆ ಹೊತ್ತಾದರೂ ಏಳದೆ ಕೂತಿರುತ್ತಿದ್ದಳಂತೆ. ಇದನ್ನು ಹೇಳುವಾಗ ಅವಳ ಕಣ್ಣು ನನ್ನ ಮೇಲಿರಲಿಲ್ಲ, ಎಲ್ಲೋ ದೂರದಲ್ಲಿತ್ತು. ಆ ನೋಟಕ್ಕೆ ನಾನು ಅಲ್ಲೇ ಬಿದ್ದೆ. ಬಿದ್ದವನು ಸುಮ್ಮನಿರಬೇಕಿತ್ತು. "ನಾನೇ ತೋರಿಸ್ತೀನಿ" ಎಂದುಬಿಟ್ಟೆ. ಹೀಗೆ ಹೇಳಿದವನ ಊರು ರಾಯಚೂರು. ನಾನು ಅಲ್ಲಿಯತನಕ ಕಂಡಿದ್ದ ಹಿಮವೆಂದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಮರದ ಹೊಟ್ಟಿನೊಳಗೆ ಗೋಣಿಚೀಲ ಹೊದ್ದು ಮಲಗಿರುತ್ತಿದ್ದ ಮಂಜುಗಡ್ಡೆ.

ಎಡಿನ್‌ಬರೋ ನನ್ನನ್ನು ಕರೆಯಲಿಲ್ಲ. ಭೂಗೋಳದ ಕೆಳಗಿನ ಅರ್ಧದಿಂದ ಪರ್ತ್ ಕರೆಯಿತು. ಎಪ್ಪತ್ತರ ದಶಕದ ನಡುವೆ ಒಂದು ಜನವರಿ ಮಧ್ಯಾಹ್ನ ನಾವು ಅಲ್ಲಿ ಇಳಿದೆವು. ಕುಸುಮಳ ತಾಯಿ ಹೆಣೆದು ಕೊಟ್ಟಿದ್ದ ಸ್ವೆಟರುಗಳೇ ಪೆಟ್ಟಿಗೆ ತುಂಬ ಇದ್ದವು. ವಿಮಾನದ ಬಾಗಿಲಲ್ಲಿ ಬಿಸಿಗಾಳಿ ಮುಖಕ್ಕೆ ಹೊಡೆದಾಗ ಅವಳು ನನ್ನನ್ನು ಒಮ್ಮೆ ನೋಡಿ, ಇದು ನಿಮ್ಮೂರೇ ಅಲ್ಲವಾ ಎಂದು ಕೇಳಿದಳು.

ಊರಂಚಿನ ಥಾರ್ನ್ಲಿಯಲ್ಲಿ ಮನೆ ಮಾಡಿದೆವು. ನಾನು ವೆಲ್ಷ್‌ಪೂಲಿನ ಗೋದಾಮುಗಳ ನಡುವೆ ಇದ್ದ ಒಂದು ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಅಲ್ಲಿಗೆ ಬೆನ್ನುನೋವಿಗೆಂದು ಬರುತ್ತಿದ್ದ ಒಬ್ಬ ಶೀತಲಗೃಹದಲ್ಲಿ ಕೆಲಸ ಮಾಡುತ್ತಿದ್ದ. ಗೋಡೆಯ ಮೇಲೆಲ್ಲ ಹಿಮ ಕಟ್ಟಿರುತ್ತದೆ, ಹೆಂಡತಿಯನ್ನು ಕರೆದುಕೊಂಡು ಬಾ ಡಾಕ್, ಎಂದ. ನಾನು ಹಿಂದೆ ಮುಂದೆ ನೋಡಲಿಲ್ಲ. ದಪ್ಪ ಬಾಗಿಲು ತೆರೆದಾಗ ಬಿಳೀ ಹೊಗೆ ನೆಲದ ಮೇಲೆ ಉರುಳಿ ಬಂತು. ಕೊಳವೆಗಳ ಮೇಲೆ ಬೆಳ್ಳಗೆ ಏನೋ ಮಿನುಗಿತು. ಕುಸುಮಳ ಮುಖ ಅರಳಿತು. ಆಮೇಲೆ ಹೊಗೆ ತೆಳುವಾಯಿತು. ಸಾಲಾಗಿ ನೇತುಹಾಕಿದ್ದ ಕುರಿಗಳು ಕಂಡವು! ಹುಟ್ಟಾ ಸಸ್ಯಾಹಾರಿಯಾದ ನನ್ನ ಹೆಂಡತಿ ಆ ರಾತ್ರಿ ಊಟ ಮಾಡಲಿಲ್ಲ. ಹಿಮ ಚೆನ್ನಾಗಿತ್ತು, ಜೊತೆಗಿದ್ದವರು ಸರಿಯಿರಲಿಲ್ಲ, ಎಂದಷ್ಟೇ ಹೇಳಿ ಮಲಗಿದಳು.

ಕೆಲವು ವರ್ಷಗಳ ನಂತರ ಬ್ರಿಸ್ಬೇನಿಗೆ ವರ್ಗವಾಯಿತು. ಹಿತ್ತಿಲಲ್ಲಿ ಮಾವಿನ ಮರ, ಬೇಲಿಯ ಪಕ್ಕ ಕರಿಬೇವು, ಮೈಯೆಲ್ಲ ಬೆವರು. ಮಗಳು ಅನು ಹುಟ್ಟಿದ್ದು ಅಲ್ಲೇ. ಒಂದು ಮಧ್ಯಾಹ್ನ ಆಕಾಶ ಹಸಿರು ಬಣ್ಣಕ್ಕೆ ತಿರುಗಿ ಬೆಳ್ಳಗಿನ ಕಾಳುಗಳು ಬೀಳತೊಡಗಿದವು. ನಾನು ಕುಸುಮಳನ್ನು ಅಡುಗೆಮನೆಯಿಂದ ಕೈಹಿಡಿದು ಎಳೆದು ತಂದು, ಕೊಟ್ಟ ಮಾತು ಉಳಿಸಿಕೊಂಡ ಗಂಭೀರ ದನಿಯಲ್ಲಿ "ನೋಡು" ಎಂದೆ. ಅಷ್ಟರಲ್ಲಿ ಕಾಳುಗಳು ನಿಂಬೆಹಣ್ಣಾದವು. ತಗಡಿನ ಸೂರು ಗುಡುಗಿತು, ಕಾರಿನ ಗಾಜು ಒಡೆಯಿತು, ತುಳಸಿಯ ಕುಂಡ ಎರಡು ಹೋಳಾಯಿತು. "ಹಿಮಕ್ಕೆ ಇಷ್ಟು ಕೋಪ ಇರತ್ತೇನ್ರೀ?" ಎಂದಳು ಕುಸುಮ. ಅದು ಆಲಿಕಲ್ಲು ಎಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಅದಾದ ಮೇಲೆ ಅವಳು ಹಿಮದ ಮಾತೇ ಎತ್ತಲಿಲ್ಲ. ಕೇಳುತ್ತಿದ್ದಾಗ ತಪ್ಪಿಸಿಕೊಳ್ಳುವುದು ಸುಲಭವಿತ್ತು. ಕೇಳುವುದನ್ನು ಬಿಟ್ಟಮೇಲೆ ನನಗೆ ಒಳಗೊಳಗೇ ಚುಚ್ಚತೊಡಗಿತು. ಹೆಂಡತಿಯ ಒಂದು ಆಸೆ ನನ್ನ ಕೈಯಲ್ಲೇ ಮುರುಟಿಹೋಯಿತಲ್ಲ ಎನ್ನಿಸುತ್ತಿತ್ತು.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ನಾವು ಅಡಿಲೇಡಿನ ಮಾಡ್ಬರಿಗೆ ಬಂದಿದ್ದೆವು. ಸೆಪ್ಟೆಂಬರ್ ಇಲ್ಲಿ ವಸಂತ. ಹಿತ್ತಿಲ ಪ್ಲಮ್ ಮರ ಮೈತುಂಬ ಬಿಳೀ ಹೂ ಬಿಟ್ಟಿತ್ತು. ಗಾಳಿ ಬಂದಾಗ ಎಸಳು ಉದುರುವುದನ್ನು ಕುಸುಮ ಬಟ್ಟೆ ಒಣಹಾಕುವುದನ್ನೂ ಮರೆತು ನೋಡುತ್ತ ನಿಂತಿರುತ್ತಿದ್ದಳು. ನಾನು ಅವಳನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತಿರುತ್ತಿದ್ದೆ. ಒಲೆಯ ಮೇಲಿನ ಹಾಲು ಯಾರನ್ನೂ ನೋಡದೆ ಉಕ್ಕುತ್ತಿತ್ತು.

ಅಂಥ ಒಂದು ಶನಿವಾರ ಸಂಜೆ ಟೀವಿಯ ಹವಾಮಾನದವನು ಕೋಲು ಹಿಡಿದು ನಕ್ಷೆಯ ಮುಂದೆ ನಿಂತ. ದಕ್ಷಿಣದಿಂದ ಚಳಿಗಾಳಿ ಬರುತ್ತಿದೆ ಎಂದ. ನಾಳೆ ಬೆಳಿಗ್ಗೆ ಎತ್ತರದ ಗುಡ್ಡಗಳ ಮೇಲೆ ಮಳೆ, ಜೊತೆಗೆ ಸ್ವಲ್ಪ ಹಿಮವೂ ಬೀಳಬಹುದು, ಮಧ್ಯಾಹ್ನದ ಹೊತ್ತಿಗೆ ಎಲ್ಲ ತಿಳಿಯಾಗುತ್ತದೆ, ಎಂದ. ಕುಸುಮ ಅವರೆಕಾಳು ಸುಲಿಯುತ್ತಿದ್ದಳು. ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ. ಮತ್ತೆ ಸುಲಿಯತೊಡಗಿದಳು. ನಾನು ಎದ್ದು ಫೋನ್ ಹತ್ತಿರ ಹೋದೆ.

ಭಾನುವಾರ ನನಗೆ ಡ್ಯೂಟಿಯಿತ್ತು. ನಮ್ಮದೇ ಆಸ್ಪತ್ರೆಯ ಡಾಕ್ಟರ್ ಡಿಸೋಜಾಗೆ ಆ ರಾತ್ರಿ ಡ್ಯೂಟಿ. ಮಂಗಳೂರಿನವರು, ಎಡಿನ್‌ಬರೋದಲ್ಲೇ ಓದಿ ಬಂದವರು. ಹಿಮದ ಬಗ್ಗೆ ಅವರು ಮಾತಾಡಿದರೆ ಅದನ್ನು ಅವರೇ ಸ್ವತಃ ಬೀಳಿಸಿ ಬಂದ ಹಾಗಿರುತ್ತಿತ್ತು. ರಾತ್ರಿ ನಾನು ಮಾಡುತ್ತೇನೆ, ಹಗಲು ನೀವು ಮಾಡಿ, ಎಂದು ಕೇಳಿಕೊಂಡೆ. ಕಾರಣ ಹೇಳಿದಾಗ ಸಂತೋಷದಿಂದ ಒಪ್ಪಿದರು.

"ಬೆಳಿಗ್ಗೆ ಬೇಗ ಹೋಗಿ ಮಾರಾಯ್ರೆ. ಇಲ್ಲಿಯ ಸ್ನೋ ಯಾರನ್ನೂ ಕಾಯೂದಿಲ್ಲ."

ಈ ಒಂದು ಮಾತು ಕೇಳಿದ್ದರೆ ಈ ಬರಹ ಇರುತ್ತಿರಲಿಲ್ಲ.

ಬೆಳಿಗ್ಗೆ ಕೆಂಪು ಕಣ್ಣು ಹೊತ್ತು ಮನೆಗೆ ಬಂದಾಗ ಕುಸುಮ ಬಾಗಿಲಲ್ಲೇ ನಿಂತಿದ್ದಳು. ರೇಷ್ಮೆ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ನನ್ನ ಹಳೇ ಕೋಟು, ಕಾಲಿಗೆ ಉಲ್ಲನ್ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಹೊರಡೋಣ ಎಂದಳು. ಆಗ ನನ್ನ ಬುದ್ಧಿ ಓಡಿತು. ಹವಾಮಾನ ವರದಿಯ ವಿಷಯದಲ್ಲಿ ನಾನು ಅನುಭವಸ್ಥ. ನಮ್ಮೂರ ರೇಡಿಯೋ ಭಾರಿ ಮಳೆ ಎಂದ ದಿನ ನಮ್ಮವ್ವ ನಿಶ್ಚಿಂತೆಯಿಂದ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದಳು. ಒಂದು ಹಪ್ಪಳವೂ ತೊಯ್ದದ್ದಿಲ್ಲ. ಹವಾಮಾನದವರು ಬೆಳಿಗ್ಗೆ ಎಂದರೆ ಮಧ್ಯಾಹ್ನ ಎಂದು ಅರ್ಥ. ಸ್ವಲ್ಪ ಎಂದರೆ ಬಹಳ.

"ಅವರು ಬೆಳಿಗ್ಗೆ ಅಂದಿದಾರಲ್ರೀ" ಎಂದಳು ಕುಸುಮ.

"ಅವರು ಹಾಗೇ ಅಂತಾರೆ ಕಣೇ. ಬಿಸಿಬೇಳೆಬಾತ್ ಮಾಡು, ಆರಾಮಾಗಿ ಹೋಗೋಣ."

ಅವಳು ಕೋಟು ತೆಗೆಯದೆಯೇ ಕುಕ್ಕರ್ ಇಟ್ಟಳು. ನಾವು ಮನೆ ಬಿಟ್ಟಾಗ ಬೆಳಗಿನ ಹೆಚ್ಚಿನ ಭಾಗ ಕಳೆದಿತ್ತು. ಊರಿನಿಂದ ಬಂದಿದ್ದ ಮಂಕಿ ಕ್ಯಾಪನ್ನು ಅನುಗೂ ತೊಡಿಸಲು ಹೋದೆ. "ನೋ ವೇ, ಡ್ಯಾಡ್" ಎಂದಳು. ನಾನು ಮಾತ್ರ ತೊಟ್ಟುಕೊಂಡೆ. ದಾರಿಯಲ್ಲಿ, ಇಲ್ಲಿಯವರು ಸರ್ವೋ ಎನ್ನುವ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಅಲ್ಲಿಯವನು ನನ್ನ ಮುಖದಲ್ಲಿ ಕಾಣುತ್ತಿದ್ದ ಅಷ್ಟು ಭಾಗವನ್ನೇ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಊರ ಪಕ್ಕದ ಗುಡ್ಡಗಳಲ್ಲೆಲ್ಲ ಎತ್ತರವಾದ ಮೌಂಟ್ ಲಾಫ್ಟಿಯ ದಾರಿ ಮರಗಳ ನಡುವೆ ಸುತ್ತಿ ಸುತ್ತಿ ಏರುತ್ತದೆ. ಅರ್ಧ ದಾರಿಗೆ ಮೋಡ ಕೆಳಗಿಳಿದು ಕಾರಿನ ಜೊತೆಗೇ ಬರತೊಡಗಿತು. ಯೂಕಲಿಪ್ಟಸ್ ಕಾಂಡಗಳು ಬೆಳ್ಳಗೆ ಮೂಡುವುದು, ಅಳಿಸಿಹೋಗುವುದು. ಹಿಂದಿನ ಸೀಟಿನಲ್ಲಿ ಕುಸುಮ ಗಾಜಿಗೆ ಹಣೆ ಒತ್ತಿ ಕೂತಿದ್ದಳು. ಕನ್ನಡಿಯಲ್ಲಿ ಅವಳ ಮುಖ ನೋಡಿ ನನಗೆ ಈ ದಾರಿ ಮುಗಿಯದಿದ್ದರೂ ಚೆನ್ನ ಅನ್ನಿಸಿತು.

ಮೇಲೆ ಹೋಗಿ ನಿಂತೆವು. ಸಣ್ಣ ಮಳೆ, ಕೊರೆಯುವ ಗಾಳಿ. ಮಂಜಿನ ನಡುವೆ ಎತ್ತರಕ್ಕೆ ಏನೋ ಅಚ್ಚ ಬಿಳುಪಾಗಿ ನಿಂತಿತ್ತು. ನನ್ನ ಎದೆ ಉಬ್ಬಿತು. ಕುಸುಮಳ ಭುಜದ ಮೇಲೆ ಕೈಯಿಟ್ಟು, "ಅಗೋ, ನೋಡು" ಎಂದೆ. ಅನು ಓಡಿಹೋಗಿ ಮುಟ್ಟಿ ಬಂದು, "ಇಟ್ಸ್ ಪೇಂಟ್" ಎಂದಳು. ಅದು ಶಿಖರದ ಮೇಲಿನ ಸುಣ್ಣಬಣ್ಣದ ಕಲ್ಲುಗೋಪುರ. ಕುಸುಮ ನಗಲಿಲ್ಲ, ಬೈಯಲೂ ಇಲ್ಲ. ಕೊಡೆ ಹಿಡಿದು ಗೋಪುರದ ಪಕ್ಕ ನಿಂತಳು.

ಹೊಟ್ಟೆ ಚುರುಗುಟ್ಟುತ್ತಿತ್ತು. ಎಲ್ಲರೂ ಕಾರಿಗೆ ಹೋಗಿ ಊಟ ಮಾಡಿ ಬರೋಣ ಎಂದೆ. ಅಷ್ಟರಲ್ಲಿ ಬಿದ್ದುಬಿಟ್ಟರೆ ಏನು ಗತಿ, ನಾನು ಬರುವುದಿಲ್ಲ, ಎಂದಳು ಕುಸುಮ. ಮಧ್ಯಾಹ್ನದ ತನಕ ಏನೂ ಬೀಳುವುದಿಲ್ಲ ಎಂದು ನಾನು ಭರವಸೆ ಕೊಟ್ಟು, ತಟ್ಟೆಗೆ ಬಡಿಸಿಕೊಂಡು ತರಲು ಒಬ್ಬನೇ ಹೊರಟೆ.

ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡೆ. ಊಟದ ಕ್ಯಾರಿಯರ್ ಇನ್ನೂ ಸುಡುತ್ತಿತ್ತು. ಮುಚ್ಚಳ ತೆಗೆದೊಡನೆ ಗಾಜುಗಳೆಲ್ಲ ಮಬ್ಬಾದವು. ತುಪ್ಪದ ವಾಸನೆ, ಚಕ್ಕೆ ಲವಂಗದ ವಾಸನೆ, ಮೇಲೆ ಮಳೆಯ ಸಣ್ಣ ಪಟಪಟ. ಹಿಮ ಬಿದ್ದಾಗ ಕುಸುಮಳಿಗೆ ಏನು ಹೇಳಬೇಕು ಎಂದು ಯೋಚಿಸಿದೆ. ಇಷ್ಟು ವರ್ಷ ಕಾಯಿಸಿದವನು ಒಂದು ಒಳ್ಳೆ ಮಾತಾದರೂ ಆಡಬೇಡವೇ? ಕಣ್ಣು ಮುಚ್ಚಿಕೊಂಡರೆ ಮಾತು ಚೆನ್ನಾಗಿ ಹೊಳೆಯುತ್ತದೆ. ಮುಚ್ಚಿಕೊಂಡೆ.

ರಾಯಚೂರಿನ ನಮ್ಮ ಮಾಳಿಗೆ. ಸುಡು ಬಿಸಿಲು. ಅವ್ವ ಹಪ್ಪಳ ಹರವಿದ್ದಾಳೆ. ಆ ಬಿಸಿಲಿನಲ್ಲೇ ಹಿಮ ಬೀಳುತ್ತಿದೆ, ನಿಧಾನವಾಗಿ, ಯಾರಿಗೂ ತೊಂದರೆಯಾಗದ ಹಾಗೆ. ಹಪ್ಪಳದ ಮೇಲೆ, ಅವ್ವನ ಸೆರಗಿನ ಮೇಲೆ, ಎದುರು ಮನೆಯ ಬೇವಿನ ಮರದ ಮೇಲೆ. ಕುಸುಮ ಮದುವೆಯ ಸೀರೆಯಲ್ಲಿ ಕೈ ಚಾಚಿ ನಿಂತಿದ್ದಾಳೆ. "ತೋರಿಸಿದೆನಲ್ಲ" ಎನ್ನುತ್ತೇನೆ ನಾನು. ಅವಳು ನನ್ನ ಎದೆಯ ಮೇಲೆ ಬೆರಳಿನಿಂದ ಟಕಟಕ ಎಂದು ಬಡಿಯುತ್ತಾಳೆ.

ಬಡಿಯುತ್ತಿದ್ದದ್ದು ಕಾರಿನ ಗಾಜನ್ನು. ಉಜ್ಜಿ ನೋಡಿದೆ. ಕುಸುಮ. ಕೊಡೆ ಇರಲಿಲ್ಲ, ಕೂದಲ ತುಂಬ ಹನಿ. ಅವಳ ಮುಖದಲ್ಲಿ ಆ ಮೈಸೂರಿನ ಜಗಲಿಯ ನೋಟವಿತ್ತು. ನಾನು ಬಾಗಿಲು ತೆರೆದೆ.

"ಬಿತ್ತು ಕಣ್ರೀ" ಎಂದಳು, ತೀರ ಮೆಲ್ಲಗೆ.

"ಡ್ಯಾಡ್, ಯು ಮಿಸ್ಡ್ ಇಟ್" ಎಂದಳು ಅನು.

ನಾನು ಹೊರಗೆ ಹಾರಿ ಮಂಕಿ ಕ್ಯಾಪ್ ಕಿತ್ತು ಆಕಾಶಕ್ಕೆ ಬಾಯಿ ತೆರೆದು ನಿಂತೆ. ಬಾಯಿಗೆ ಬಿದ್ದದ್ದು ಮಳೆ. ಚಡ್ಡಿ ತೊಟ್ಟು ನಾಯಿ ಜೊತೆ ಹೋಗುತ್ತಿದ್ದ ಒಬ್ಬ "ಯು ರೈಟ್, ಮೇಟ್?" ಎಂದು ವಿಚಾರಿಸಿದ. ಆರೋಗ್ಯವಾಗಿದ್ದೇನೆ, ನಾನೇ ಡಾಕ್ಟರು, ಎಂದೆ. ಅವನಿಗೆ ಇನ್ನಷ್ಟು ಗಾಬರಿಯಾಯಿತು.

ಕುಸುಮ ಹೇಳಿದಳು. ಮೊದಲು ಮಳೆಯೇ ಇತ್ತಂತೆ. ಮಳೆಯ ನಡುವೆ ಮಳೆಯಲ್ಲದ್ದು ಒಂದೊಂದೇ ಕಂಡಿತಂತೆ, ಓರೆಯಾಗಿ, ಅವಸರವಿಲ್ಲದೆ. ಆಮೇಲೆ ಮಳೆ ಸರಿದು ಅದೊಂದೇ ಉಳಿಯಿತಂತೆ. ಕೋಟಿನ ತೋಳಿನ ಮೇಲೆ ಬಂದು ಕೂತು, ನೋಡುತ್ತಿದ್ದಂತೆಯೇ ಇಲ್ಲವಾಗುತ್ತಿತ್ತಂತೆ. ಹವಾಮಾನದವನು ಹೇಳಿದ್ದ ಹಾಗೆಯೇ, ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದ್ದಾಗ!

ನನ್ನನ್ನು ಯಾಕೆ ಕೂಗಲಿಲ್ಲ ಎಂದು ಕೇಳಿದೆ. ಕುಸುಮ ಸುಳ್ಳು ಹೇಳುವವಳಲ್ಲ.

"ಬೇಜಾರು ಮಾಡ್ಕೋಬೇಡಿ. ಆಗ ನೀವು ನೆನಪೇ ಆಗ್ಲಿಲ್ಲ."

ಹಿಮ ನಿಂತ ಮೇಲೆ ನೆನಪಾಯಿತಂತೆ. ಗೋಪುರದ ಪಕ್ಕದ ಕಟಕಟೆಯ ಮೇಲೆ ತೆಳ್ಳಗೆ ಕೂತಿದ್ದನ್ನು ಬಾಚಿ ಮುಷ್ಟಿಯಲ್ಲಿ ಹಿಡಿದು ಓಡಿ ಬಂದಿದ್ದಳು. ಮುಷ್ಟಿ ಇನ್ನೂ ಬಿಗಿಯಾಗಿತ್ತು. ನನ್ನ ಮುಂದೆ ಚಾಚಿ ತೆರೆದಳು. ಅಂಗೈಯಲ್ಲಿ ಒಂದು ಗುಟುಕಿಗೂ ಸಾಲದಷ್ಟು ನೀರಿತ್ತು. ಏನು ಮಾಡಬೇಕೆಂದು ತೋಚದೆ ನಾನು ಬಗ್ಗಿ ತೀರ್ಥದ ಹಾಗೆ ಕುಡಿದುಬಿಟ್ಟೆ. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಅವಳು ಕಂಡಳಲ್ಲ.

ಆ ವರ್ಷದ ದೀಪಾವಳಿಗೆ ಡಿಸೋಜಾ ಕುಟುಂಬ ನಮ್ಮ ಮನೆಗೆ ಊಟಕ್ಕೆ ಬಂದಿತ್ತು. ಹೋಳಿಗೆ ಬಡಿಸುತ್ತ ಕುಸುಮ ಆ ದಿನದ ಕಥೆ ಶುರುಮಾಡಿದಳು. ನಾನು ಎಲೆಯ ಮೇಲೆ ತಲೆ ತಗ್ಗಿಸಿದೆ. ಕಾರು, ನಿದ್ದೆ, ಮಂಕಿ ಕ್ಯಾಪು ಎಲ್ಲ ಈಗ ಬರುತ್ತದೆ ಎಂದು ಕಾದೆ. ಯಾವುದೂ ಬರಲಿಲ್ಲ. "ಮದ್ವೆಗೆ ಮುಂಚೆ ಮಾತು ಕೊಟ್ಟಿದ್ರು. ಕರ್ಕೊಂಡು ಹೋಗಿ ಇವರೇ ತೋರಿಸಿದ್ರು" ಎಂದು ಮುಗಿಸಿ, ನನ್ನನ್ನು ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದಳು. ಡಿಸೋಜಾ ಖುಷಿಯಿಂದ ನನ್ನ ಕಡೆ ತಿರುಗಿದರು.

"ಅಂತೂ ನೋಡಿದ್ರಲ್ಲ ಡಾಕ್ಟ್ರೇ. ಹೇಗಿತ್ತು?"

ಎಲ್ಲರೂ ನನ್ನ ಮುಖ ನೋಡಿದರು. ಕುಸುಮಳೂ ತುಪ್ಪದ ಚಮಚ ಹಿಡಿದು ನೋಡುತ್ತಿದ್ದಳು. ನಾನು ಹಿಮದ ಬಗ್ಗೆ ಬಲ್ಲದ್ದನ್ನೆಲ್ಲ, ಅವಳ ಅಂಗೈಯಲ್ಲಿದ್ದಷ್ಟನ್ನು, ನೆನಪು ಮಾಡಿಕೊಂಡೆ.

"ಬೆಚ್ಚಗಿತ್ತು" ಎಂದೆ.